ಹಲಗೆ ಮಾವನ ಸಹಿ

ವಿಮಾನದ ಶೆಡ್ಡಿನಲ್ಲಿ ಎಲ್ಲರೂ ಅವರನ್ನು ಕರೆಯುತ್ತಿದ್ದುದು ಹಲಗೆ ಮಾವ ಎಂದು. ಹೆಸರೇನೂ ಸುಮ್ಮನೆ ಬಂದದ್ದಲ್ಲ. ಗೋಡೆಯ ಹಲಗೆಯ ಮೇಲೆ ಒಂದೊಂದು ಸ್ಪ್ಯಾನರಿಗೂ ಅದರದೇ ಆಕಾರದಲ್ಲಿ ಕಪ್ಪು ಬಣ್ಣ ಬಳಿದಿತ್ತು. ಎಲ್ಲ ಸಾಮಾನೂ ತನ್ನ ತನ್ನ ಕಪ್ಪಿನ ಮೇಲೆ ಬಂದು ಕೂತ ಮೇಲೇ ವಿಮಾನ ಹೊರಡಬೇಕು. ಒಳಗೆ ಒಂದು ಸ್ಕ್ರೂ ಉಳಿದರೂ ಎಂಜಿನ್ ಚಿಂದಿ, ಪೈಲಟ್ ಗತಿ ದೇವರಿಗೇ ಗೊತ್ತು. ಮೂವತ್ತು ವರ್ಷ ಆ ಹಲಗೆ ನೋಡಿ ಸಹಿ ಹಾಕಿದವರು ಮಾವ. ಯಾರಾದರೂ ಸ್ಕ್ರೂಡ್ರೈವರ್ ಜೇಬಿಗಿಳಿಸಿದರೋ, ಅವರ ಜನ್ಮ ಜಾಲಾಡಿಬಿಡುತ್ತಿದ್ದರು. ಹೋದ ವಾರವಷ್ಟೇ ಹೊಸ ಮೆಕ್ಯಾನಿಕ್ ಹುಡುಗಿಯನ್ನು ಇದಕ್ಕೇ ಬೈದು ಅಳಿಸಿದ್ದರು.

ಅವತ್ತು ಯುದ್ಧವಿಮಾನಕ್ಕೆ ಸುಧಾರಿಸಿದ ಎಂಜಿನ್ ಕೂರಿಸಿ ಮೊದಲ ಹಾರಾಟ. ಪೈಲಟ್ ಮೇಡಂ ಕೈಬೀಸಿ ಹೊರಟರು. ನೆಲ ನಡುಗಿತು, ವಿಮಾನ ಏರಿತು, ಎಲ್ಲರೂ ಚಪ್ಪಾಳೆ ತಟ್ಟಿದರು. ಮಾವ ನೀರು ಕುಡಿಯಲೆಂದು ಒಳಗೆ ಬಂದು ತಲೆಯೆತ್ತಿದರು.

ಹಲಗೆಯ ಮೇಲೆ ದುಂಡಗೆ ಒಂದು ಕಪ್ಪು. ಎಂಜಿನ್ ಸಂದಿ ನೋಡುವ ಪುಟ್ಟ ಕನ್ನಡಿ ಇಲ್ಲ!

ಲೋಟ ಎಲ್ಲಿ ಬಿತ್ತೋ, ಕಂಟ್ರೋಲ್ ರೂಮಿಗೆ ಹೇಗೆ ಓಡಿದರೋ, ಅವರಿಗೇ ತಿಳಿಯದು.

"ಇಳಿಸಿ ಸಾರ್! ಕನ್ನಡಿ ಒಳಗೇ ಉಳಿದಿದೆ!"

"ಏನ್ರೀ ಇದು? ಸಹಿ ನಿಮ್ಮದೇ ಇದೆಯಲ್ಲ!" ಕಂಟ್ರೋಲ್ ರೂಮಿನ ಸಾಹೇಬರು ಹೌಹಾರಿದರು.

"ನಂದೇ. ಮೊದಲು ಇಳಿಸಿ, ಆಮೇಲೆ ಬೈಯಿರಿ."

ಹನ್ನೊಂದು ನಿಮಿಷ ಮಾವ ಆಕಾಶದಿಂದ ಕಣ್ಣು ಕೀಳಲಿಲ್ಲ. ಚಕ್ರ ನೆಲ ಮುಟ್ಟಿದ್ದೇ ವಿಮಾನದ ಕಡೆ ಓಡಿದರು.

ಮೇಡಂ ಇಳಿದು ಬಂದು ವಿಷಯ ಕೇಳಿ, ಪ್ಯಾಂಟಿನ ಜೇಬು ಮುಟ್ಟಿಕೊಂಡರು. ಮುಖ ಬಿಳಿಚಿಕೊಂಡಿತು. ಕನ್ನಡಿ ಹೊರಬಂತು.

"ಅಯ್ಯೋ, ಕಣ್ಣಲ್ಲಿ ಕಸ ಬಿತ್ತು ಅಂದಾಗ ನೀವೇ ಕೊಟ್ಟಿದ್ದಲ್ವಾ ಮಾವ? ಜೇಬಿಗೆ ಹಾಕ್ಕೊಂಡುಬಿಟ್ಟೆ."

ಎಲ್ಲರೂ ಉಸಿರು ಬಿಟ್ಟು ನಕ್ಕರು. ಮಾವ ನಗಲಿಲ್ಲ. ಕೊಟ್ಟದ್ದು ಈಗ ನೆನಪಾಯಿತು. ಆಮೇಲೆ ಪೆನ್ನು ತೆಗೆದದ್ದೂ ನೆನಪಾಯಿತು, ಸಹಿ ಹಾಕಿದ್ದೂ. ನಡುವೆ ಹಲಗೆಯ ಕಡೆ ತಿರುಗಿ ನೋಡಿದ್ದು ಚೆನ್ನಾಗಿ ನೆನಪಿತ್ತು. ನೋಡಿದ್ದರು. ಹಲಗೆ ತುಂಬಿತ್ತು. ಆದರೆ ಕನ್ನಡಿ ಆಗಲೇ ಮೇಡಂ ಜೇಬಿನಲ್ಲಿತ್ತು.

ಮಾವ ಜೇಬಿನ ಪೆನ್ನು ತೆಗೆದು ಮೆಕ್ಯಾನಿಕ್ ಹುಡುಗಿಯ ಕೈಗಿಟ್ಟರು.

"ಇನ್ನು ನೀನು ನೋಡಮ್ಮ. ಹಲಗೆ ಖಾಲಿ ಇದ್ದರೂ ನನಗೆ ತುಂಬಿರೋ ಹಾಗೇ ಕಾಣುತ್ತೆ."