ಹೋರಿ ಡಾಕಪ್ಪನೂ ಗುತ್ತೆವ್ವನ ಎಡಗಾಲೂ

ಐರಣಿಯ ಡಾಕಪ್ಪನ ಹೋರಿ ಸೀನಿದರೆ, ಹೊಳೆಯಾಚೆಯ ಜನ ಗುಡುಗಿತೆಂದು ಅಂಗಳದ ಮೆಣಸಿನಕಾಯಿ ಒಳಗೆ ಎಳೆದುಕೊಳ್ಳುತ್ತಿದ್ದರಂತೆ. ಇದನ್ನು ಹೇಳುತ್ತಿದ್ದವನು ಡಾಕಪ್ಪನೇ. ಆಚೆಗೆ ಹೋಗಿ ಕೇಳಿ ಬಂದವರು ಯಾರೂ ಇಲ್ಲ. ಆದರೆ ದೀಪಾವಳಿಯ ಹೋರಿ ಓಟದಲ್ಲಿ ಕೊರಳಿಗೆ ಕೊಬ್ಬರಿ ಸರ ಕಟ್ಟಿಸಿಕೊಂಡು, ಕೀಳಲು ನಿಂತ ನೂರು ಹುಡುಗರ ನಡುವೆ ನುಗ್ಗಿ, ಒಂದೂ ಕೊಡದೆ ಪಾರಾದ ಹೋರಿ ಅದು ಎಂಬುದು ಖರೇ. ಅದರಲ್ಲೊಂದು ಕೊಬ್ಬರಿಯನ್ನು ಡಾಕಪ್ಪ ತೊಲೆಗೆ ತೂಗುಹಾಕಿದ್ದ. ಏಳು ವರ್ಷವಾದರೂ ಯಾರಿಗೂ ಮುಟ್ಟಗೊಟ್ಟಿರಲಿಲ್ಲ.

ತೊಂಬತ್ತೆಂಟನೆಯ ಇಸವಿಯಲ್ಲಿ ನೆರೆಮನೆಯ ಗುತ್ತೆವ್ವನ ಮೊಣಕಾಲು ತಿರುಚಿತು. ರಾಣೇಬೆನ್ನೂರಿನಲ್ಲಿ ಕಾಲೇಜು ಓದುವ ಹುಡುಗಿ. ಕಬಡ್ಡಿಯಲ್ಲಿ ರೇಡಿಗೆ ಬಂದಳೆಂದರೆ ಎದುರಿನವರು ಮನೆದೇವರನ್ನು ನೆನೆಯುತ್ತಿದ್ದರು. ಒಂದು ಪಂದ್ಯದಲ್ಲಿ ಮೂವರು ಅವಳ ಎಡಗಾಲಿಗೇ ಜೋತುಬಿದ್ದರು. ಎಲುಬು ಮುರಿದಿಲ್ಲ ಎಂದರು ಡಾಕ್ಟರು. ನಾಲ್ಕು ತಿಂಗಳಿಗೆ ಹಾವೇರಿಯಲ್ಲಿ ಜಿಲ್ಲಾ ತಂಡದ ಆಯ್ಕೆ. ಅವಳಿಗೆ ಬೇಕಾದದ್ದು ಅದೊಂದೇ.

ಎರಡು ತಿಂಗಳಾದರೂ ಹುಡುಗಿ ಹೊರಸು ಬಿಟ್ಟೇಳಲಿಲ್ಲ. ಡಾಕಪ್ಪ ಹೋಗಿ ನೋಡಿದರೆ ಅವಳ ಅಜ್ಜಿ ಮರಿಯವ್ವ ಮೊಮ್ಮಗಳ ತಟ್ಟೆಯಲ್ಲಿ ಗೋಧಿ-ಬೆಲ್ಲದ ಮಾದಲಿಯ ಮೇಲೆ ತುಪ್ಪ ಸುರಿಯುತ್ತಿದ್ದಳು.

"ಏನವಾ ಮರಿಯವ್ವ, ಹುಡುಗೀನ ಕಬಡ್ಡಿಗೆ ಕಳಸ್ತೀಯೋ, ಉಡಿ ತುಂಬಿ ಗಂಡನ ಮನಿಗೋ?"

"ಡಾಕ್ಟರ ರೆಸ್ಟ್ ತಗೋ ಅಂದಾರಣ್ಣ."

"ಹದಿನೈದ ದಿನ ಅಂದಿದ್ರು. ಆಮ್ಯಾಲೆ ಸಾವಕಾಶ ನಡಸ್ರಿ ಅಂದಿದ್ರು. ಚಕ್ಕಡ್ಯಾಗ ಕರಕೊಂಡ ಹೋದಾವ ನಾನ. ನಿನ್ನ ಕಿವ್ಯಾಗ ಅರ್ಧ ಮಾತ ಬಿದ್ದೇತಿ, ಉಳದರ್ಧ ತುಪ್ಪದಾಗ ಬಿದ್ದೇತಿ!"

ಗುತ್ತೆವ್ವ ನಕ್ಕಳು. ಡಾಕಪ್ಪ ನಗಲಿಲ್ಲ.

"ನನ್ನ ಹೋರಿಗೂ ನಾ ಹಿಂಗ ಮಾಡಿದ್ದೆ. ಕಾಲ ಉಳುಕಿತ್ತು. ಗೂಟಕ್ಕ ಕಟ್ಟಿ ಶೇಂಗಾಹಿಂಡಿ ತಿನಿಸಿದೆ. ಹೊಟ್ಟಿ ಬೆಳೀತು, ಕಾಲ ಸೊರಗ್ತು. ಓಟಕ್ಕ ಬಿಟ್ರ ಗಬ್ಬದ ಎಮ್ಮಿ ಹಂಗ ಹೋತು. ಒಂದ ಕೊಬ್ಬರೀನೂ ಉಳೀಲಿಲ್ಲ, ಮತ್ತ ಕಾಲೂ ಉಳುಕ್ತು. ತಪ್ಪ ಅದರದಲ್ಲವಾ, ನಂದು. ಮರುವರ್ಷ ಹೊಳ್ಯಾಗ ನಡಸಿದೆ, ಗೆದ್ದ ಬಂತು."

"ಹೋರಿ ಮದ್ದ ನನ್ನ ಮೊಮ್ಮಗಳಿಗೇನು?"

"ಹುಲ್ಲ ಹಾಕಂಗಿಲ್ಲ ಬಿಡ."

ಮೊದಲು ಡಾಕ್ಟರನ್ನೇ ಕೇಳಿ ಬಂದರು. ನೀರಲ್ಲಿ ನಡೆದರೆ ಒಳ್ಳೆಯದೇ ಎಂದರು ಅವರು. ಮರುದಿನದಿಂದ ಬೆಳಿಗ್ಗೆ ತುಂಗಭದ್ರೆಯಲ್ಲಿ, ಸೊಂಟದ ಮಟ್ಟದ ನೀರಿನಲ್ಲಿ ಮುದಿ ಹೋರಿ ಮುಂದೆ, ಹಗ್ಗ ಹಿಡಿದ ಗುತ್ತೆವ್ವ ಹಿಂದೆ: ಹಳೆ ರೋಗಿ, ಹೊಸ ರೋಗಿ. ದಂಡೆಯ ಮೇಲೆ ಡಾಕಪ್ಪ, ಮೊಸಳೆಯೊಂದು ತನ್ನ ಹತ್ತಿರ ಬೀಡಿ ಕೇಳಿದ ಕಥೆ ಹೇಳುತ್ತಿದ್ದ. ಮಾದಲಿ ಹಬ್ಬಕ್ಕೆ ಮಾತ್ರ ಎಂದಾಯಿತು. ಜೋಳದ ರೊಟ್ಟಿ, ಮೊಳಕೆ ಕಾಳು, ಹುರಳಿ ಕಟ್ಟು, ಎರಡು ತತ್ತಿ. ಮರಿಯವ್ವ ಗೊಣಗುತ್ತಲೇ ಬೇಯಿಸಿದಳು.

ತಿಂಗಳು ಕಳೆಯಿತು. ಹುಡುಗಿ ನೆಲದ ಮೇಲೂ ಓಡತೊಡಗಿದಳು. ಬ್ಯಾಡಗಿಯಲ್ಲೊಂದು ಪಂದ್ಯ ಬಂತು.

"ಯಜ್ಜಾ, ಆಡ್ತೇನಿ. ನೋವಿಲ್ಲ ಈಗ."

ಡಾಕಪ್ಪ ಓಡಿ ತೋರಿಸು ಎಂದ. ಅವಳು ಅತ್ತ ತಿರುಗಿ ಓಡುತ್ತಿದ್ದಾಗ ಎಡಗಡೆಯಿಂದ "ಗುತ್ತೀ!" ಎಂದು ಕೂಗಿದ. ಅವಳು ಎಡಗಾಲು ತಪ್ಪಿಸಿ, ಬಲಗಾಲೂರಿ ಸುತ್ತುಹಾಕಿ ತಿರುಗಿದಳು.

"ಆಗಂಗಿಲ್ಲ."

"ಯಾಕ?"

"ಹೋರಿಗೆ ಎಡಕ್ಕ ಬೆಲ್ಲ ಹಿಡಿತಿದ್ದೆ. ನೊಂದ ಕಾಲ ಊರಿ ಆ ಕಡೆ ಹೊಳ್ಳೂತನಾ ಓಟಕ್ಕ ಬಿಡ್ತಿರಲಿಲ್ಲ. ನೋವ ಹೋಗೇತಿ, ಅಂಜಿಕಿ ಇನ್ನೂ ಮೊಣಕಾಲಾಗ ಕುಂತೇತಿ."

"ನಾ ಏನ್ ದನಾ ಏನು!"

"ದನ ಆಗಿದ್ರ ಮಾತ ಕೇಳ್ತಿದ್ದಿ."

ಗುತ್ತೆವ್ವ ಬ್ಯಾಡಗಿಗೆ ಹೋಗಲಿಲ್ಲ, ಎರಡು ದಿನ ಮಾತೂ ಬಿಟ್ಟಳು. ಊರಿನವರು ಡಾಕಪ್ಪನನ್ನು ಹೋರಿ ವೈದ್ಯನೆಂದು ಆಡಿಕೊಂಡರು. ಮೂರನೆಯ ದಿನ ಬೆಳಿಗ್ಗೆ ನೋಡಿದರೆ, ಹೋರಿಯ ಹಗ್ಗ ಹಿಡಿದು ಅವಳೇ ಹೊಳೆಗೆ ಹೊರಟಿದ್ದಳು. ಡಾಕಪ್ಪ ದಿನಾ ಎಡಗಡೆಯಿಂದ ಕೂಗಿದ. ಆಯ್ಕೆಗೆ ಎಂಟು ದಿನ ಇರುವಾಗ ಅವಳು ಎಡಗಾಲನ್ನೇ ಗೂಟದಂತೆ ಊರಿ ಗಿರಕ್ಕನೆ ತಿರುಗಿ, "ಏನ್ ಯಜ್ಜಾ?" ಎಂದಳು.

"ಏನಿಲ್ಲವಾ," ಎಂದ. "ಹಾವೇರಿ ಬಸ್ಸ ಎಷ್ಟಕ್ಕೈತಿ ಕೇಳಾಕ ಕೂಗಿದೆ."

ಹಾವೇರಿ ಮೈದಾನದಲ್ಲಿ ಅವನು ಅಂಕ ನೋಡಲಿಲ್ಲ, ಅವಳ ಎಡಪಾದವನ್ನೇ ನೋಡುತ್ತ ಕೂತ. ಕೊನೆಯ ರೇಡಿನಲ್ಲಿ ನಾಲ್ವರು ಸುತ್ತುವರಿದರು. ಒಬ್ಬಳು ಅದೇ ಕಾಲಿಗೆ ಹಾರಿದಳು. ಗುತ್ತೆವ್ವ ಎಡಗಾಲೂರಿ ಹೊರಳಿದಳು. ಹಾರಿದವಳ ಕೈಗೆ ಸಿಕ್ಕಿದ್ದು ಮಣ್ಣು. ಗೆರೆ ಮುಟ್ಟಿದಾಗ ಸೀಟಿ ಕೂಗಿತು. ಆಯ್ಕೆಯ ಪಟ್ಟಿಯಲ್ಲಿ ಮೂರನೆಯದು ಅವಳ ಹೆಸರು.

ತರಬೇತುದಾರರೊಬ್ಬರು ಬಂದು ಕೇಳಿದರು: "ಮೊಣಕಾಲಿಗೆ ಯಾರ ಹತ್ರ ತೋರಿಸಿದ್ದೀಯವಾ?"

"ನಮ್ಮ ಹೋರಿ ಅಜ್ಜನ ಹತ್ರ ರೀ," ಎಂದಳು ಗುತ್ತೆವ್ವ, ಮೈದಾನಕ್ಕೆಲ್ಲ ಕೇಳುವಂತೆ.

ಡಾಕಪ್ಪ ರುಮಾಲು ಸರಿಮಾಡಿಕೊಂಡ. ಅಂಗಿಯೊಳಗಿಂದ ತೊಲೆಯ ಕೊಬ್ಬರಿ ತೆಗೆದು ಅವಳ ಕೈಗಿಟ್ಟ.

"ತಗೋ. ನೂರ ಮಂದಿ ಕೈ ಹಾಕಿದ್ರೂ ಸಿಗದ್ದು. ಇನ್ನ ನಿಂದು." ಆಮೇಲೆ ದನಿ ತಗ್ಗಿಸಿದ: "ತಿನ್ನಬ್ಯಾಡ ಮತ್ತ, ಏಳ ವರ್ಷದ್ದೈತಿ. ಕಾಲ ನೆಟ್ಟಗಾತು ಅಂತ ಹಲ್ಲ ಕಳಕೊಂಡೀ."