ಕೈರೋದ ಕಲ್ಲುಬಟ್ಟಲು, ನಮ್ಮ ಮಠದ ಕೊಪ್ಪರಿಗೆ

ಹಗರಿಬೊಮ್ಮನಹಳ್ಳಿಯಿಂದ ಬಸ್ಸು, ಬೆಂಗಳೂರಿನಿಂದ ವಿಮಾನ. ಎರಡನೆಯ ದಿನ ಮಧ್ಯಾಹ್ನ ಕೈರೋದಲ್ಲಿ ಇಳಿದೆವು. ಬಿಸಿಲು ನಮ್ಮೂರಿನದೇ. ಕರೆದೊಯ್ದವಳು ತೀರಿಹೋದ ನಮ್ಮಣ್ಣ ಕೊಟ್ರಬಸಪ್ಪನ ಮಗಳು ಗಿರಿಜಾ, ಹಡಗಲಿಯಲ್ಲಿ ಇತಿಹಾಸ ಪಾಠ ಹೇಳುವವಳು. ನಾನು ಹೈಸ್ಕೂಲು ಮುಗಿಸಿ ಪಾತ್ರೆ ಅಂಗಡಿಯಲ್ಲಿ ಕೂತವನು. ಮದುವೆ ಮುಯ್ಯಿಗೆ ಕೊಡುವ ಕೊಡ, ತಂಬಿಗೆಗಳ ಮೇಲೆ ಕೊಟ್ಟವರ ಹೆಸರು ಕೊರೆಯುತ್ತ ಮುದುಕನಾದೆ.

ಮರುದಿನ ವಸ್ತುಸಂಗ್ರಹಾಲಯದಲ್ಲಿ ಒಂದು ಕಲ್ಲುಬಟ್ಟಲಿನ ಮುಂದೆ ಗಿರಿಜಾ ನಿಂತಳು.

"ನೋಡ್ರಿ ಕಾಕಾ, ಐದು ಸಾವಿರ ವರ್ಷದ್ದು. ಇದರ ಮ್ಯಾಲೆ ಅನೆಜಿಬ್ ಅನ್ನೋ ಅರಸನ ಹೆಸರಿತ್ತು. ಅವನ ಹಿಂದ ಬಂದ ಸೆಮೆರ್ಖೆತ್ ಅದನ್ನ ಕೆರೆಸಿ ತನ್ನ ಹೆಸರು ಹಾಕಿಸ್ಯಾನ. ನಿಮ್ಮ ಕಸಬಿನಾಂವ!"

"ಎಷ್ಟು ವರ್ಷ ಆಳಿದ?"

"ಒಂಬತ್ತೂ ತುಂಬಲಿಲ್ಲ. ಅವನ ಕಾಲದಾಗ ದೊಡ್ಡ ಕೇಡು ಬಂತಂತ ಬರದಾರ. ಬರ್ರಿ, ಇನ್ನೊಂದು ಕಲ್ಲೈತಿ."

ಅದು ಎಷ್ಟೋ ಶತಮಾನಗಳ ನಂತರ ಅರಸರ ಪಟ್ಟಿ ಕೊರೆದ ಕಲ್ಲು. ಅದರಲ್ಲಿ ಅನೆಜಿಬ್ ಇದ್ದ. ಕೆರೆಸಿದವನೇ ಇರಲಿಲ್ಲ.

ಬೆಂಚಿನ ಮೇಲೆ ಕೂತು ಹೇಳಿಬಿಟ್ಟೆ. ಮಠದ ದಾಸೋಹಕ್ಕೆ ಅಣ್ಣ ಕೊಟ್ಟಿದ್ದ ತಾಮ್ರದ ಕೊಪ್ಪರಿಗೆ, ಅವನು ಸತ್ತ ಮರುವರ್ಷ ಕಲಾಯಿಗೆಂದು ನನ್ನಲ್ಲಿಗೆ ಬಂದಿತ್ತು. ಅವನ ಹೆಸರು ಉಜ್ಜಿ ನನ್ನದು ಕೊರೆದೆ. ಅತ್ತಿಗೆ ಬೆರಳಾಡಿಸಿ, "ಇಲ್ಲಿ ತಗ್ಗು ಬಿದ್ದೈತಲ್ಲ" ಎಂದಾಗ, ಓದಲು ಬಾರದವಳಿಗೇನು ಗೊತ್ತು ಎಂದು ಊಟದ ಪಂಕ್ತಿಯನ್ನೇ ನಗಿಸಿದೆ.

ಗಿರಿಜಾ ಪಟ್ಟಿಯ ಕಲ್ಲಿಗೆ ಬೆನ್ನು ಹಾಕಿ ನನ್ನತ್ತ ತಿರುಗಿದಳು. "ಅವ್ವ ಮಠದಾಗ ಯಾಕ ಉಣ್ಣಂಗಿಲ್ಲ ಅಂತ ಈಗ ತಿಳೀತು. ನನ್ನ ಮುಂದ ಅಳಬ್ಯಾಡ್ರಿ. ಊರಾಗ ಹೇಳ್ರಿ."

ಅಂದು ಅಕ್ಕಿ, ಬೇಳೆ, ಶ್ಯಾವಿಗೆ ಬೆರೆಸಿದ ಕೊಶರಿ ತಿಂದೆವು. ಗಿರಿಜಾ ಬೇರೆ ಮೇಜಿಗೆ ಕೂತಳು.

ಊರಿಗೆ ಮರಳಿದವನು ಕೊರೆಯುವ ಮಷಿನ್ ಹಿಡಿದು ನೇರ ಮಠಕ್ಕೆ ಹೋದೆ. ಊಟದ ಹೊತ್ತು. ಅಡುಗೆಯವನು ಅಡ್ಡ ಬಂದ. "ಯಜಮಾನ್ರ, ಸ್ವಾಮಿಗಳನ್ನ ಕೇಳಬೇಕ್ರಿ."

"ಕೆರೆಯುವಾಗ ಯಾರನ್ನ ಕೇಳಿದ್ದೆ? ಸರಿ ಅತ್ಲಾಗ."

ನನ್ನ ಹೆಸರು ಅಳಿಸಲಿಲ್ಲ. ಅದರ ಮೇಲಿನ ಸಾಲಿನಲ್ಲಿ ಕೊರೆದೆ: ಕೊಟ್ಟವನು ಕೊಟ್ರಬಸಪ್ಪ. ನನ್ನ ಹೆಸರಿನ ಕೆಳಗೆ: ಆ ಹೆಸರು ಕೆರೆದ ಕಳ್ಳ ಇವನು. ನಗುವವರು ನಗಲಿ ಎಂದುಕೊಂಡು ಅತ್ತಿಗೆಯನ್ನು ಕರೆತಂದೆ.

ಆಕೆ ಅಕ್ಷರಗಳ ಮೇಲೆ ಬೆರಳಾಡಿಸಿದಳು. "ನನಗ ಓದಾಕ ಬರಂಗಿಲ್ಲ, ನೀನ ಹೇಳಿದ್ಯಲ್ಲ. ನೀನ ಓದು."

ಪಂಕ್ತಿಯ ಕಡೆ ತಿರುಗಿ ಓದಿದೆ.

"ಹಿಂದ ಕುಂತವರಿಗೆ ಕೇಳಿಸಲಿಲ್ಲ," ಎಂದು ಆಕೆ ಎಲೆಯ ಮುಂದೆ ಕೂತಳು.

ಇನ್ನೊಮ್ಮೆ, ಗಂಟಲು ಬಿಚ್ಚಿ ಓದಿದೆ.