ಕೆಳಗಿನ ಗೆಲ್ಲಿನ ಮೊಗ್ಗು

ಶಂಕರಪುರದ ಅಪ್ಪಿಗೆ ಐವತ್ತೆಂಟು ವರ್ಷ. ಮನೆಯ ಹಿಂದೆ ಮೂವತ್ತು ಮಲ್ಲಿಗೆ ಗಿಡ. ಬೆಳಕು ಹರಿಯುವಾಗ ಮೊಗ್ಗು ಕೊಯ್ದು, ಬಾಳೆನಾರಿನಲ್ಲಿ ಕಟ್ಟಿ, ಹತ್ತು ಗಂಟೆಯೊಳಗೆ ವ್ಯಾಪಾರಿಗಳು ಹೂವು ಕೊಳ್ಳುವ ಕಟ್ಟೆಗೆ ಮುಟ್ಟಿಸುವುದು ಅವಳ ದಿನಚರಿ. ಆ ಗಿಡಗಳಿಗೆ ಬೇರೆಯವರ ಕೈ ತಾಗಿದರೆ ತನ್ನ ಜಡೆಯನ್ನೇ ಯಾರೋ ಎಳೆದ ಹಾಗೆ ಅವಳಿಗೆ.

ನಡುನೋವು ಬಂದು ಮೂರು ವರ್ಷವಾಗಿತ್ತು. ಯಾರಿಗೂ ಹೇಳಿರಲಿಲ್ಲ. ಕೊನೆಗೆ ಗಿಡವೇ ಚಾಡಿ ಹೇಳಿತು. ಒಂದು ಸಂಜೆ ಒಣಗಿದ ಬಟ್ಟೆ ತೆಗೆಯಲು ಹೋದ ಸೊಸೆ ಭವ್ಯಶ್ರೀ ನೋಡಿದರೆ, ಗಿಡಗಳ ತಲೆ ಬೋಳು. ಬುಡದ ಗೆಲ್ಲುಗಳಲ್ಲಿ ಕೊಯ್ಯದ ಮೊಗ್ಗು ಅರಳಿ ಘಮ್ಮೆನ್ನುತ್ತಿದೆ.

"ಅತ್ತೆ, ಕೆಳಗಿನದ್ದು ಯಾಕೆ ಬಿಟ್ಟದ್ದು?"

"ದೃಷ್ಟಿಗೆ ಇರಲಿ ಅಂತ."

"ಮೂವತ್ತು ಗಿಡಕ್ಕೂ ದೃಷ್ಟಿಯಾ? ಬಗ್ಗಲಿಕ್ಕೆ ಆಗುವುದಿಲ್ಲ ಅಂತ ಹೇಳಿ. ಕೊಯ್ಯಲಿಕ್ಕೆ ರತ್ನವ್ವ ಬರಲಿ."

ರತ್ನವ್ವ ಕೊಪ್ಪಳದ ಕಡೆಯವಳು, ಪಕ್ಕದ ಬಾಡಿಗೆ ಕೋಣೆಯಲ್ಲಿದ್ದು ಕೂಲಿಗೆ ಹೋಗುವವಳು.

"ಮೊದಲು ಮಣಿಪಾಲದ ಆಸ್ಪತ್ರೆಗೆ ಹೋಗಿ ಬರುತ್ತೇನೆ. ಬಗ್ಗಬಾರದು ಅಂತ ಅವರೇ ಹೇಳಲಿ" ಎಂದಳು ಅಪ್ಪಿ.

ಮಣಿಪಾಲದಲ್ಲಿ ನಡುನೋವಿನ ಹೆಂಗಸರು ಕೂರುವ, ಏಳುವ, ಬಗ್ಗುವ ಬಗೆಯನ್ನು ಕ್ಯಾಮೆರಾದಲ್ಲಿ ನೋಡುವ ಕೋಣೆಯೊಂದಿತ್ತು. ಫಿಸಿಯೋಥೆರಪಿಯ ಚೈತಾಲಿ ಅಪ್ಪಿಯ ಬೆನ್ನು, ಸೊಂಟ, ಮಂಡಿಗೆಲ್ಲ ಹೊಳೆಯುವ ಗುಂಡುಗಳನ್ನು ಅಂಟಿಸಿ, ನೆಲದ ಮೇಲೆ ಕರವಸ್ತ್ರ ಹಾಕಿದಳು.

"ಅಮ್ಮ, ಮನೆಯಲ್ಲಿ ಹೇಗೆ ಎತ್ತುತ್ತೀರೋ ಹಾಗೆಯೇ ಎತ್ತಿ."

ಅಪ್ಪಿ ಬಲಗಾಲಿನ ಹೆಬ್ಬೆರಳು, ಪಕ್ಕದ ಬೆರಳಿನ ನಡುವೆ ಅದನ್ನು ಚಿಮಟದ ಹಾಗೆ ಹಿಡಿದು, ಕಾಲೆತ್ತಿ ಕೈಗೆ ದಾಟಿಸಿದಳು. ಚೈತಾಲಿಗೆ ನಗು ತಡೆಯಲಾಗಲಿಲ್ಲ.

"ಸೌಟು ಬಿದ್ದರೂ ಹೀಗೆಯೇ?"

"ಸೌಟು, ಗುಡಿಸುವ ಹಿಡಿಸೂಡಿ, ಮೈ ಒರೆಸುವ ಬೈರಾಸು, ಎಲ್ಲ."

"ಹೂವು?"

"ಎಂತ ಮಾತು ಮಾರಾಯ್ತಿ! ದೇವರ ತಲೆಗೆ ಏರುವುದಲ್ವಾ ಅದು? ಕಾಲು ತಾಗಿಸುವುದುಂಟಾ?"

ಈ ಸಲ ಚೈತಾಲಿ ಕೈಯಿಂದ ಎತ್ತಿಸಿದಳು. ಪರದೆಯ ಮೇಲೆ ಅಪ್ಪಿ ತನ್ನನ್ನೇ ಚುಕ್ಕಿಗಳಾಗಿ ಕಂಡಳು. ಮಂಡಿಯ ಬಳಿ ಚುಕ್ಕಿಗಳ ಸಾಲು ಮಡಚಿತು. ಬೆನ್ನಿನವು ಮಾತ್ರ ಒನಕೆಯ ಹಾಗೆ ನೆಟ್ಟಗೆ ನಿಂತಿದ್ದವು.

"ನೋವು ಎಲ್ಲಿ ಬಂತು ಅಮ್ಮ?"

"ಬರಲಿಲ್ಲ. ಬರುತ್ತದೆ ಅಂತ ಉಸಿರು ಕಟ್ಟಿ ನಡು ಗಟ್ಟಿ ಹಿಡಿದೆ." ಹೇಳಿದ ಮೇಲೆ ಅವಳಿಗೇ ಆಶ್ಚರ್ಯವಾಯಿತು.

"ನಿಮ್ಮ ನಡು ಹೆದರಿ ಕೂತಿದೆ. ಉಸಿರು ಬಿಡುತ್ತಾ ದಿನಕ್ಕೆ ಸ್ವಲ್ಪ ಸ್ವಲ್ಪ ಬಗ್ಗಿಸಿ. ಒಂದೇ ದಿನಕ್ಕೆ ಎಲ್ಲ ಬೇಡ."

ಅಲ್ಲಿಂದ ಒಂದು ವಾರ ಅಪ್ಪಿ ತನ್ನ ಮೈಯನ್ನು ನೆರೆಮನೆಯ ಹಾಗೆ ಇಣುಕಿ ನೋಡಿದಳು. ಕೊಡ ಎತ್ತುವಾಗ ಹಲ್ಲು ಕಚ್ಚುತ್ತೇನೆ. ಚಾಪೆಯಿಂದ ಏಳುವಾಗ ಮೊದಲು ಎಡಗೈ ಊರುತ್ತೇನೆ. ಹಿಂದೆ ಕರೆದರೆ ಕತ್ತು ತಿರುಗಿಸದೆ ಗಡಿಯಾರದ ಮುಳ್ಳಿನ ಹಾಗೆ ಇಡೀ ಮೈ ತಿರುಗಿಸುತ್ತೇನೆ. ಇದನ್ನೆಲ್ಲ ಯಾರು ಕಲಿಸಿದ್ದು?

ಎಂಟನೆಯ ಬೆಳಿಗ್ಗೆ ಸೊಸೆ ಕಳಿಸಿದ ರತ್ನವ್ವ ಬಂದು ನಿಂತಿದ್ದಳು.

"ಅಮ್ಮಾರ, ಮ್ಯಾಲಿನವು ನೀವು ಹರೀರಿ. ತಳಗಿನವು ನಾ ಹರೀತೀನಿ."

ಅಪ್ಪಿ ಉಸ್ಸೆಂದು ಉಸಿರು ಬಿಟ್ಟು ಬಗ್ಗಿದಳು. ನಡುವಿನಲ್ಲಿ ಚುಳ್ಳೆಂದಿತು. ನಿಂತಳು, ಮತ್ತಷ್ಟು ಬಗ್ಗಿದಳು. ಬೆರಳಿಗೆ ಬುಡದ ಮೊಗ್ಗು ಸಿಕ್ಕಿತು, ತಣ್ಣಗೆ. ಮೂರು ಗಿಡದ ಬುಡ ಮುಗಿಯುವಾಗ ಹಣೆ ಬೆವರಿತ್ತು.

"ಇವತ್ತಿಗೆ ಈ ಮೂರರದ್ದು ನಾನು ಮಾಡಿದೆ. ಉಳಿದದ್ದರ ಬುಡ ನೀನು ಕೊಯ್ಯಿ. ನಾಳೆ ನನಗೆ ನಾಲ್ಕು" ಎಂದಳು. ರತ್ನವ್ವ ಕೈ ಹಾಕುತ್ತಲೇ ಅಪ್ಪಿ ಗದರಿದಳು: "ಗೆಲ್ಲು ಎಳೆಯಬೇಡ ಮಾರಾಯ್ತಿ, ಉಗುರಿನಲ್ಲಿ ತೊಟ್ಟು ಮುರಿ! ನೋಡು, ಹೀಗೆ."

ತೋರಿಸಲು ಅವಳು ನಾಲ್ಕನೆಯ ಗಿಡಕ್ಕೂ ಬಗ್ಗಿದ್ದಳು.